ರಾಗಿಯ ನಾಡಿಗೆ ಮ್ಯಾಂಗನೀಸಿನ ಮಾತ್ರೆ

ಗುಬ್ಬಿ ತಾಲ್ಲೂಕಿನ ನಮ್ಮ ದೊಡ್ಡಮ್ಮನ ಮನೆಗೆ ಈ ಸಲ ಹೋದಾಗ ಒಂದೇ ಪದವನ್ನು ಮೂರು ಕಡೆ ಓದಿದೆ. ಜಗಲಿಯ ಮೂಲೆಯಲ್ಲಿ ಅಡಿಕೆ ಸಸಿಗೆ ಹೊಡೆಯಲು ತಂದಿಟ್ಟಿದ್ದ ಲಘು ಪೋಷಕಾಂಶದ ಪೊಟ್ಟಣ, ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದ ಹಸುವಿನ ಮಿನರಲ್ ಮಿಕ್ಸ್‌ಚರ್ ಚೀಲ, ನಡುಮನೆಯ ಗೂಡಿನಲ್ಲಿ ದೇವರ ಫೋಟೋದ ಪಕ್ಕ ದೊಡ್ಡಮ್ಮನ ಮಂಡಿನೋವಿನ ಮಾತ್ರೆಯ ಡಬ್ಬಿ. ಮೂರರ ಮೇಲೂ ಇಂಗ್ಲಿಷಿನಲ್ಲಿ ‘ಚಿಲೇಟೆಡ್’ ಎಂದು ಬರೆದಿತ್ತು. ಡಬ್ಬಿಯ ಹಿಂಬದಿಯ ಸಣ್ಣಕ್ಷರದಲ್ಲಿ ಗ್ಲೂಕೋಸಮೀನ್, ಅದು ಇದು ಆದಮೇಲೆ, ಚಿಲೇಟೆಡ್ ಮ್ಯಾಂಗನೀಸ್ 4 ಮಿಲಿಗ್ರಾಂ. 60 ಮಾತ್ರೆಗೆ 780 ರೂಪಾಯಿ. ತುಮಕೂರಿಗೆ ಹೋದಾಗ ಮಗ ತಂದುಕೊಟ್ಟದ್ದು.

“ಇದ್ಯಾಕ್ ದೊಡ್ಡಮ್ಮ ಮ್ಯಾಂಗನೀಸು?” ಅಂದೆ.

“ಕೀಲಿಗೆ ಕಣಪ್ಪ. ಅದ್ರ ಮೇಲೇ ಬರ್ದೈತಂತಲ್ಲ, ಕೀಲೇಟು ಅಂತ. ಅಂಗಡಿ ಹುಡುಗ್ನೇ ಓದಿ ಹೇಳ್ದ.”

ಅಂಗಡಿಯ ಹುಡುಗ ಸರಿಯಾಗಿಯೇ ಓದಿದ್ದ. ನಾವು ಚಿಲೇಟೆಡ್ ಅನ್ನುವ ಆ ಪದದ ಸರಿಯಾದ ಉಚ್ಚಾರ ಕೀಲೇಟೆಡ್. ಆದರೆ ಅದಕ್ಕೂ ನಮ್ಮ ಕೀಲಿಗೂ ಯಾವ ಸಂಬಂಧವೂ ಇಲ್ಲ. ಗ್ರೀಕ್ ಭಾಷೆಯಲ್ಲಿ ಏಡಿಯ ಕೊಂಡಿಗೆ ಇರುವ ಹೆಸರಿನಿಂದ ಮಾರ್ಗನ್ ಮತ್ತು ಡ್ರೂ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು 1920ರಲ್ಲಿ ಮಾಡಿಕೊಂಡ ಪದ ಅದು. ಗದ್ದೆಯ ಏಡಿ ತನ್ನೆರಡು ಕೊಂಡಿಗಳ ನಡುವೆ ಒಂದು ಕಾಳನ್ನು ಹಿಡಿದಂತೆ, ಒಂದು ಸಾವಯವ ಅಣು ಲೋಹದ ಕಣವನ್ನು ಎರಡು ಅಥವಾ ಹೆಚ್ಚು ಕಡೆಯಿಂದ ಅಪ್ಪಿ ಹಿಡಿಯುತ್ತದೆ. ಗೊಬ್ಬರದಲ್ಲಾದರೆ ಹಾಗೆ ಹಿಡಿಯುವುದು ಸಾಮಾನ್ಯವಾಗಿ ಇಡಿಟಿಎ ಎಂಬ ಆಮ್ಲ. ಮಾತ್ರೆಯಲ್ಲಾದರೆ ಗ್ಲೈಸೀನ್‌ನಂಥ ಅಮೈನೋ ಆಮ್ಲ. ಹಿಡಿದಿಟ್ಟ ಲೋಹ ದಾರಿಯಲ್ಲಿ ಸಿಕ್ಕವರ ಜೊತೆಗೆಲ್ಲ ಸೇರಿ ಗಟ್ಟಿಯಾಗಿ ಕೂತುಬಿಡದೆ, ಹೋಗಬೇಕಾದಲ್ಲಿಗೆ ಹೋಗಿ ಮುಟ್ಟಲಿ ಎಂಬುದು ಲೆಕ್ಕಾಚಾರ.

ಇದರಲ್ಲಿ ಸುಳ್ಳೇನೂ ಇಲ್ಲ. ಸುಣ್ಣದಂಶ ಹೆಚ್ಚಿರುವ ಮಣ್ಣಿಗೆ ಬರಿಯ ಸತುವಿನ ಅಥವಾ ಕಬ್ಬಿಣದ ಲವಣ ಸುರಿದರೆ ಬಹುಪಾಲು ಮಣ್ಣಿಗೇ ಕಚ್ಚಿಕೊಳ್ಳುತ್ತದೆ, ಬೇರಿಗೆ ಸಿಗುವುದು ಸ್ವಲ್ಪ. ಕೊಂಡಿ ಹಾಕಿದ ಸತುವಾದರೆ ನೀರಿನಲ್ಲಿ ಕರಗಿಕೊಂಡೇ ಇರುತ್ತದೆ. ತಮಾಷೆಯೆಂದರೆ ಮ್ಯಾಂಗನೀಸಿಗೆ ಈ ಉಪಾಯ ಮಣ್ಣಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಇಡಿಟಿಎ ಮಣ್ಣಿನಲ್ಲಿರುವ ಕಬ್ಬಿಣವನ್ನು ಕಂಡ ಕೂಡಲೇ ಮ್ಯಾಂಗನೀಸನ್ನು ಕೈಬಿಟ್ಟು ಅದನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ಮ್ಯಾಂಗನೀಸನ್ನು ಎಲೆಗೆ ಸಿಂಪಡಿಸಿ ಎನ್ನುವುದು. ಹಸುವಿನ ಹೊಟ್ಟೆಯಲ್ಲೂ ಮನುಷ್ಯನ ಕರುಳಿನಲ್ಲೂ ಇಂಥವೇ ಜಗಳಗಳಿವೆ. ಕಾಳುಗಳಲ್ಲಿರುವ ಫೈಟಿಕ್ ಆಮ್ಲ ಲೋಹಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಥ ಊಟದ ಜೊತೆ ಕೊಟ್ಟಾಗ ಗ್ಲೈಸೀನ್ ಕೊಂಡಿಯ ಕಬ್ಬಿಣ ಸಾದಾ ಕಬ್ಬಿಣಕ್ಕಿಂತ ಚೆನ್ನಾಗಿ ಮೈಗೂಡುತ್ತದೆ ಎಂಬುದಕ್ಕೆ ಮನುಷ್ಯರ ಮೇಲೆ ನಡೆದ ಒಳ್ಳೆಯ ಪರೀಕ್ಷೆಗಳೇ ಇವೆ.

ಹಾಗಾಗಿ ನನ್ನ ತಕರಾರು ಕೊಂಡಿಯ ಬಗ್ಗೆ ಅಲ್ಲ. ‘ಚಿಲೇಟೆಡ್’ ಅನ್ನುವ ಪದ ‘ಹೇಗೆ ಒಳಗೆ ಹೋಗುತ್ತದೆ’ ಎಂಬ ಪ್ರಶ್ನೆಗೆ ಉತ್ತರ. ಅದಕ್ಕೂ ಮೊದಲು ಕೇಳಬೇಕಾದ ‘ಬೇಕೇ?’ ಎಂಬ ಪ್ರಶ್ನೆಯನ್ನು ಅದು ಉಪಾಯವಾಗಿ ನುಂಗಿಹಾಕುತ್ತದೆ. ಮ್ಯಾಂಗನೀಸಿನ ವಿಷಯದಲ್ಲಿ, ಅದರಲ್ಲೂ ತುಮಕೂರು ಸೀಮೆಯಲ್ಲಿ, ಬೇಕೇ ಎಂದು ಕೇಳಿದರೆ ಸಿಗುವ ಉತ್ತರ ಅಂಗಡಿಯವರಿಗೆ ಹಿಡಿಸುವಂಥದಲ್ಲ.

ಮ್ಯಾಂಗನೀಸ್ ದೇಹಕ್ಕೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಜೀವಕೋಶದ ಒಳಗೆ ಶಕ್ತಿ ತಯಾರಾಗುವ ಮೈಟೊಕಾಂಡ್ರಿಯಾದಲ್ಲಿ ಹುಟ್ಟುವ ಕಿಡಿಗಳನ್ನು ಆರಿಸುವ ಕಿಣ್ವಕ್ಕೆ ಅದು ಬೇಕು. ಮೃದ್ವಸ್ಥಿ ಕಟ್ಟುವ ಕೆಲಸಕ್ಕೂ ಬೇಕು. ಆದರೆ ಬೇಕಾಗುವುದು ತೀರ ಸ್ವಲ್ಪ. ನಮ್ಮ ಐಸಿಎಂಆರ್ 2020ರಲ್ಲಿ ಭಾರತೀಯ ವಯಸ್ಕರಿಗೆ ಹೇಳಿದ ಪ್ರಮಾಣ ದಿನಕ್ಕೆ 4 ಮಿಲಿಗ್ರಾಂ. ಅಮೆರಿಕದವರು ಇನ್ನೂ ಕಡಿಮೆ ಹೇಳುತ್ತಾರೆ: ಗಂಡಸರಿಗೆ 2.3, ಹೆಂಗಸರಿಗೆ 1.8.

ಈಗ ದೊಡ್ಡಮ್ಮನ ತಟ್ಟೆಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 3.19 ಮಿಲಿಗ್ರಾಂ ಮ್ಯಾಂಗನೀಸ್ ಇದೆ. ದೊಡ್ಡಮ್ಮ ಕಟ್ಟುವ ಮುದ್ದೆ ಒಂದೊಂದಕ್ಕೆ ನೂರು ಗ್ರಾಂ ಹಿಟ್ಟಿಗೆ ಕಡಿಮೆ ಬೀಳುವುದಿಲ್ಲ. ಎಪ್ಪತ್ತು ದಾಟಿದರೂ ಮಧ್ಯಾಹ್ನಕ್ಕೊಂದು ರಾತ್ರಿಗೊಂದು ತಪ್ಪಿಸಿದವಳಲ್ಲ. ಅಲ್ಲಿಗೆ ಆರು ಮಿಲಿಗ್ರಾಂ ಆಯಿತು. ಅವರೆಕಾಳು, ಹುರುಳಿ, ಕೊಬ್ಬರಿ, ಸೊಪ್ಪು, ದಿನಕ್ಕೆ ಮೂರು ಲೋಟ ಟೀ, ಇವೆಲ್ಲವೂ ತಮ್ಮ ಪಾಲು ಸೇರಿಸುತ್ತವೆ. ಟೀ ಸೊಪ್ಪಂತೂ ಮ್ಯಾಂಗನೀಸಿನ ಗಣಿ. ಸಿದ್ಧಗಂಗಾ ಮಠದ ದಾಸೋಹದಲ್ಲಿ ದಶಕಗಳಿಂದ ಸಾವಿರಾರು ಮಕ್ಕಳು ಮುದ್ದೆ ಸಾರು ಉಂಡು ಬೆಳೆದಿದ್ದಾರೆ. ಅವರಿಗೆ ಏನೇನು ಕೊರತೆಯಿತ್ತೋ ಇರಲಿಲ್ಲವೋ, ಮ್ಯಾಂಗನೀಸಿನ ಕೊರತೆ ಇದ್ದಿರಲಾರದು ಎಂದು ಕಣ್ಣು ಮುಚ್ಚಿ ಹೇಳಬಹುದು.

ದುಡ್ಡಿನ ಲೆಕ್ಕವನ್ನೂ ಹಾಕಿದೆ, ಹಾಕದೆ ಇರಲಾಗಲಿಲ್ಲ. 2024–25ನೇ ಸಾಲಿಗೆ ಸರ್ಕಾರ ರಾಗಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಆ ದರದಲ್ಲಿ 780 ರೂಪಾಯಿಗೆ 18 ಕೆ.ಜಿ. ರಾಗಿ. ಡಬ್ಬಿಯ 60 ಮಾತ್ರೆಗಳಲ್ಲಿ ಇರುವುದು ಒಟ್ಟು 240 ಮಿಲಿಗ್ರಾಂ ಮ್ಯಾಂಗನೀಸ್. ಆ ರಾಗಿಯಲ್ಲಿ ಸುಮಾರು 570. ಜೊತೆಗೆ 65 ಗ್ರಾಂ ಕ್ಯಾಲ್ಸಿಯಂ ಪುಕ್ಕಟೆ, ಎರಡು ತಿಂಗಳ ಮುದ್ದೆಯ ಚಿಂತೆಯೂ ಇಲ್ಲ. ಆ ರಾಗಿಯನ್ನು ಬೆಳೆದವನು ದೊಡ್ಡಮ್ಮನ ಮಗನೇ. ಅದನ್ನು ಮಾರಿ ಬಂದ ದುಡ್ಡಿನಲ್ಲೇ ಈ ಡಬ್ಬಿ ತಂದಿದ್ದಾನೆ.

“ರಾಗಿಯಲ್ಲಿ ಇದ್ದರೇನು, ಮೈಗೆ ಹತ್ತಬೇಡವೆ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ರಾಗಿಯಲ್ಲಿ ಫೈಟಿಕ್ ಆಮ್ಲವೂ ಇದೆ, ಒಗರಿನ ಟ್ಯಾನಿನ್ನೂ ಇದೆ. ಮೊಳಕೆ ಕಟ್ಟಿ ಹುರಿದು ಬೀಸಿದರೆ ಅವು ಇಳಿಯುತ್ತವೆ. ನಮ್ಮ ಅಜ್ಜಿಯರು ಎಳೆಮಕ್ಕಳ ರಾಗಿಸರಿಗೆ ಮೊಳಕೆ ರಾಗಿಯನ್ನೇ ಹಿಡಿಯುತ್ತಿದ್ದರು. ಮುದ್ದೆಯ ಹಿಟ್ಟಿಗೆ ಯಾರೂ ಅಷ್ಟು ಪಾಡು ಪಡುವುದಿಲ್ಲ. ಹಾಗಾಗಿ ಮುದ್ದೆಯ ಮ್ಯಾಂಗನೀಸೆಲ್ಲ ರಕ್ತಕ್ಕೆ ಇಳಿಯುವುದಿಲ್ಲ ಎನ್ನುವುದು ನಿಜ. ಆದರೆ ಯಾವ ಊಟದಿಂದಲೂ ಅದು ಪೂರಾ ಇಳಿಯುವುದಿಲ್ಲ. ಮನುಷ್ಯನ ಕರುಳು ಊಟದ ಮ್ಯಾಂಗನೀಸಿನಲ್ಲಿ ಹೀರಿಕೊಳ್ಳುವುದು ನೂರಕ್ಕೆ ಒಂದರಿಂದ ಐದು ಪಾಲು ಮಾತ್ರ. ನಾಲ್ಕು ಮಿಲಿಗ್ರಾಂ ಬೇಕು ಎಂದು ಪಟ್ಟಿ ಬರೆದವರು ಈ ಕಡಿತವನ್ನೂ ಎಣಿಸಿಯೇ ಬರೆದಿದ್ದಾರೆ.

ಈ ಒಂದರಿಂದ ಐದು ಪಾಲು ಎಂಬ ಸಂಗತಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಮಾತ್ರೆ ಮಾರುವವರ ಮಾತಿನಲ್ಲಿ ಇದೊಂದು ಊನ: ‘ಸಾಮಾನ್ಯ ಮ್ಯಾಂಗನೀಸ್ ಸರಿಯಾಗಿ ಹೀರಲ್ಪಡುವುದಿಲ್ಲ, ನಮ್ಮದು ಚಿಲೇಟೆಡ್, ನೇರ ಒಳಗೆ’. ದೇಹದ ಕಡೆಯಿಂದ ನೋಡಿದರೆ ಇದು ಊನವಲ್ಲ, ಕಾವಲು. ದೇಹದಲ್ಲಿ ಮ್ಯಾಂಗನೀಸಿಗೆ ಬರುವ ಬಾಗಿಲು ಕಿರಿದು. ಹೆಚ್ಚು ತಿಂದ ದಿನ ಕರುಳು ಕಡಿಮೆ ಪಾಲನ್ನು ಒಳಗೆ ಬಿಡುತ್ತದೆ. ಹಾಗೂ ನುಗ್ಗಿದ್ದನ್ನು ಪಿತ್ತಜನಕಾಂಗ ಹಿಡಿದು ಪಿತ್ತರಸದ ಜೊತೆ ವಾಪಸು ಕರುಳಿಗೆ ದಬ್ಬುತ್ತದೆ. ಇಷ್ಟೊಂದು ಬಂದೋಬಸ್ತು ಏಕೆಂದರೆ, ಮ್ಯಾಂಗನೀಸ್ ರಕ್ತದಲ್ಲಿ ಹೆಚ್ಚಾಗಿ ನಿಂತರೆ ಅದು ಹೋಗಿ ಕೂರುವುದು ಮೆದುಳಿನ ಒಳಗೆ, ನಮ್ಮ ನಡಿಗೆಯನ್ನೂ ಕೈಕಾಲಿನ ಹಿಡಿತವನ್ನೂ ನಡೆಸುವ ಗಂಟುಗಳಲ್ಲಿ.

ಹಾಗೆ ಕೂತರೆ ಏನಾಗುತ್ತದೆ ಎಂಬುದು ಸುಮಾರು ಎರಡು ಶತಮಾನದಿಂದ ಗೊತ್ತು. 1837ರಲ್ಲಿ ಗ್ಲಾಸ್ಗೋ ನಗರದಲ್ಲಿ ಕೂಪರ್ ಎಂಬ ವೈದ್ಯ, ಮ್ಯಾಂಗನೀಸಿನ ಕರಿ ಅದಿರನ್ನು ಅರೆಯುವ ಕೆಲಸಗಾರರನ್ನು ಕಂಡು ಬರೆದಿಟ್ಟ. ಅವರ ಕಾಲು ಸೋಲುತ್ತಿತ್ತು, ನಡೆಯುವಾಗ ಮುಂದಕ್ಕೆ ವಾಲುತ್ತಿದ್ದರು, ಮಾತು ಪಿಸುಗುಡುವಷ್ಟು ಕುಗ್ಗಿತ್ತು. ಅವರು ಅದಿರನ್ನು ತಿಂದವರಲ್ಲ, ಧೂಳನ್ನು ಉಸಿರಾಡಿದವರು. ಶ್ವಾಸಕೋಶದ ದಾರಿಯಲ್ಲಿ ಕರುಳಿನ ಕಾವಲಿಲ್ಲ. ನಮ್ಮ ಜಿಲ್ಲೆಯವರಿಗೆ ಆ ಕರಿ ಅದಿರು ಅಪರಿಚಿತವೇನಲ್ಲ. ಚಿಕ್ಕನಾಯಕನಹಳ್ಳಿಯ ಸಾಲುಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಜೊತೆಜೊತೆಗೇ ಮ್ಯಾಂಗನೀಸ್ ಇದೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಗಣಿಗಳನ್ನು ನಿಲ್ಲಿಸುವ ತನಕ ಅದಿರಿನ ಲಾರಿಗಳು ಎದ್ದೇಳಿಸುತ್ತಿದ್ದ ಧೂಳನ್ನು ಆ ಕಡೆಯ ಅಡಿಕೆ ತೆಂಗಿನ ಗರಿಗಳ ಮೇಲೆ ಕಂಡವರು ಬಹಳ ಮಂದಿ. ಆಗ ಮ್ಯಾಂಗನೀಸ್ ಎಂದರೆ ಓಡಿಸಬೇಕಾದ ಶನಿ. ಅದೇ ಲೋಹ ಈಗ ಡಬ್ಬಿಯಲ್ಲಿ ಕೂತು ಬಂದರೆ ಆರೋಗ್ಯ.

ಮಾತ್ರೆ ತಿಂದವರೆಲ್ಲ ಗ್ಲಾಸ್ಗೋದ ಕೂಲಿಗಳ ಹಾಗಾಗುತ್ತಾರೆ ಎಂದು ನಾನು ಹೆದರಿಸುತ್ತಿಲ್ಲ. ದಿನಕ್ಕೆ 4 ಮಿಲಿಗ್ರಾಮಿನಿಂದ ಗಟ್ಟಿಮುಟ್ಟಾದ ಯಾರಿಗೂ ಏನೂ ಆಗಲಿಕ್ಕಿಲ್ಲ. ಅಮೆರಿಕದವರು ಹಾಕಿಕೊಂಡಿರುವ ಮೇಲ್ಮಿತಿ ದಿನಕ್ಕೆ 11 ಮಿಲಿಗ್ರಾಂ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮವೂ ಇಂಥ ಪೂರಕಗಳಲ್ಲಿ ಐಸಿಎಂಆರ್ ಹೇಳಿದ ದಿನದ ಪ್ರಮಾಣವನ್ನು ಮೀರಬಾರದು ಎನ್ನುತ್ತದೆ. ಡಬ್ಬಿಯ ಮೇಲೆ ಸರಿಯಾಗಿ 4 ಎಂದೇ ಇರುವುದು ಅದಕ್ಕೇ. ಆದರೆ ಆ ನಿಯಮ ಡಬ್ಬಿಯೊಳಗೆ ಏನಿದೆ ಎಂದು ನೋಡುತ್ತದೆ, ಅದನ್ನು ನುಂಗುವವರ ತಟ್ಟೆಯಲ್ಲಿ ಆಗಲೇ ಏನಿದೆ ಎಂದು ನೋಡುವುದಿಲ್ಲ. ಗಟ್ಟಿಮುಟ್ಟಾದ ಯಾರಿಗೂ ಎಂದೆ. ಇಲ್ಲೇ ಇರುವುದು ತೊಡಕು. ಗಟ್ಟಿಮುಟ್ಟಾದವರು ಇಂಥ ಮಾತ್ರೆ ಕೊಳ್ಳುವುದು ಕಡಿಮೆ.

ಕುಣಿಗಲ್‌ನಲ್ಲಿ ನಮ್ಮ ಭಾವ ಇದ್ದಾರೆ. ಹೋಟೆಲ್ ನಡೆಸುತ್ತಾರೆ, ಸಂಜೆಯ ಮೇಲೆ ಸ್ವಲ್ಪ ತೀರ್ಥ ತೆಗೆದುಕೊಳ್ಳುವ ಅಭ್ಯಾಸ. ಸ್ಕ್ಯಾನ್‌ನಲ್ಲಿ ಲಿವರ್ ಮೇಲೆ ಕೊಬ್ಬು ಕಂಡಿದೆ. ಸುಸ್ತು ಎಂದು ಯಾರೋ ಹೇಳಿದ ‘ಮಲ್ಟಿ ಮಿನರಲ್’ ಮಾತ್ರೆ ಶುರು ಮಾಡಿದ್ದಾರೆ. ಲಿವರ್ ಹದಗೆಡುತ್ತ ಹೋಗಿ ಪಿತ್ತದ ಹರಿವು ಕಟ್ಟಿಕೊಂಡರೆ ಮ್ಯಾಂಗನೀಸ್ ಹೊರಗೆ ಹೋಗುವ ದಾರಿಯೇ ಮುಚ್ಚುತ್ತದೆ. ಸಿರೋಸಿಸ್ ಆದವರ ಮೆದುಳಿನ ಸ್ಕ್ಯಾನಿನಲ್ಲಿ ಅದು ಶೇಖರವಾಗಿರುವುದು ಬಿಳಿಯಾಗಿ ಕಾಣುತ್ತದೆ. ಭಾವನ ಸ್ಥಿತಿ ಅಲ್ಲಿಗೆ ಬಂದಿಲ್ಲ, ಬರುವುದೂ ಬೇಡ. ಆದರೆ ಲಿವರ್ ಸರಿಯಿಲ್ಲದವರು ಮ್ಯಾಂಗನೀಸ್ ಇರುವ ಪೂರಕ ತೆಗೆದುಕೊಳ್ಳಬಾರದು ಎಂಬ ಮಾತನ್ನು ಅವರಿಗೆ ಹೇಳಿದವರು ಯಾರೂ ಇಲ್ಲ. ಡಬ್ಬಿಯೂ ಹೇಳಲಿಲ್ಲ, ಅಂಗಡಿಯೂ ಹೇಳಲಿಲ್ಲ.

ಇನ್ನೊಂದು ಗುಂಪು ಇದಕ್ಕಿಂತ ಬಹಳ ದೊಡ್ಡದು. ಕಬ್ಬಿಣಕ್ಕೂ ಮ್ಯಾಂಗನೀಸಿಗೂ ಕರುಳಿನಲ್ಲಿ ಒಂದೇ ಬಾಗಿಲು, ಒಂದೇ ಸಾಗಣೆಗಾರ ಪ್ರೋಟೀನು. ರಕ್ತದಲ್ಲಿ ಕಬ್ಬಿಣ ಕಡಿಮೆಯಾದಾಗ ದೇಹ ಆ ಬಾಗಿಲನ್ನು ಅಗಲ ತೆರೆಯುತ್ತದೆ. ಕಬ್ಬಿಣ ಬರಲಿ ಎಂದು ತೆರೆದ ಬಾಗಿಲಲ್ಲಿ ಮ್ಯಾಂಗನೀಸೂ ನುಗ್ಗುತ್ತದೆ. ಅಂದರೆ ರಕ್ತಹೀನತೆ ಇರುವವರು ಅದೇ ಊಟದಿಂದ ಉಳಿದವರಿಗಿಂತ ಹೆಚ್ಚು ಮ್ಯಾಂಗನೀಸ್ ಹೀರಿಕೊಳ್ಳುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಇವರಿಗೆ ಕಡಿಮೆಯಾಗಿರುವುದು ಬಹುತೇಕ ಕಬ್ಬಿಣ, ಮ್ಯಾಂಗನೀಸ್ ಖಂಡಿತ ಅಲ್ಲ. ಎರಡನ್ನೂ ಒಟ್ಟಿಗೆ ನುಂಗಿದರೆ ಬಾಗಿಲಲ್ಲಿ ತಳ್ಳಾಟವಾಗಿ ಕಬ್ಬಿಣವೇ ಹಿಂದೆ ಬೀಳಬಹುದು. ಸುಸ್ತು ಎಂದು ಹೋದ ಹೆಣ್ಣುಮಗಳಿಗೆ ಹನ್ನೆರಡು ಖನಿಜಗಳ ಮಾತ್ರೆ ಕೊಟ್ಟು ಕಳಿಸುವುದು ಎಂಥ ಚಿಕಿತ್ಸೆಯೋ ನನಗಂತೂ ಅರ್ಥವಾಗಿಲ್ಲ.

ಹಾಗಾದರೆ ಮಂಡಿನೋವಿನ ಮಾತ್ರೆಗೆ ಮ್ಯಾಂಗನೀಸ್ ಬಂದು ಸೇರಿದ್ದಾದರೂ ಹೇಗೆ? ಅದರ ಮೂಲ ಹುಡುಕುತ್ತ ಹೋದರೆ ಸಿಗುವುದು ಕೋಳಿಮರಿ. 1930ರ ದಶಕದಲ್ಲಿ ಅಮೆರಿಕದ ಫಾರಂಗಳಲ್ಲಿ ಮರಿಗಳ ಹಿಮ್ಮಡಿಯ ಕೀಲು ಊದಿ, ಸ್ನಾಯುರಜ್ಜು ಜಾರಿ, ಕಾಲು ಸೊಟ್ಟಗಾಗುತ್ತಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ವಿಲ್ಗಸ್, ನಾರಿಸ್, ಹ್ಯೂಸರ್ ಎಂಬವರು 1936ರಲ್ಲಿ ಅದಕ್ಕೆ ಮ್ಯಾಂಗನೀಸಿನ ಕೊರತೆ ಕಾರಣ ಎಂದು ತೋರಿಸಿದರು. ಇದು ಅಪ್ಪಟ ವಿಜ್ಞಾನ. ಕೋಳಿಯ ಕರುಳು ಮ್ಯಾಂಗನೀಸನ್ನು ಹೀರುವುದು ತೀರ ಕಡಿಮೆ, ಮೆಕ್ಕೆಜೋಳದಲ್ಲಿ ಅದು ಇರುವುದೂ ಕಡಿಮೆ, ಮೇಲೆ ಫಾರಂ ಆಹಾರಕ್ಕೆ ಸುರಿಯುವ ಸುಣ್ಣ ರಂಜಕ ಅದಕ್ಕೂ ಅಡ್ಡಗಾಲು. ಅಂದಿನಿಂದ ಕೋಳಿ ಆಹಾರದಲ್ಲಿ ಮ್ಯಾಂಗನೀಸ್ ಕಡ್ಡಾಯ. ಆದರೆ ಕೋಳಿಮರಿಯ ಹಿಮ್ಮಡಿಯಿಂದ ಗುಬ್ಬಿಯ ದೊಡ್ಡಮ್ಮನ ಮಂಡಿಗೆ ಹಾರುವ ನಡುವೆ ಸೇತುವೆ ಒಂದೂ ಇಲ್ಲ. ದೊಡ್ಡಮ್ಮನ ಮಂಡಿ ಸವೆದಿರುವುದು ವಯಸ್ಸಿಗೆ, ತೂಕಕ್ಕೆ, ಐವತ್ತು ವರ್ಷ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತದ್ದಕ್ಕೆ.

ಮನುಷ್ಯರ ಮೇಲಿನ ಪುರಾವೆ ಎಂದು ಎತ್ತಿ ಆಡುವ ಎರಡು ಕತೆಗಳಿವೆ. ಬಿಲ್ ವಾಲ್ಟನ್ ಎಂಬ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರನ ಪಾದದ ಮೂಳೆ ಪದೇ ಪದೇ ಮುರಿಯುತ್ತಿತ್ತು. ಪಾಲ್ ಸಾಲ್ಟ್‌ಮನ್ ಎಂಬ ವಿಜ್ಞಾನಿ ಅವನ ರಕ್ತದಲ್ಲಿ ಮ್ಯಾಂಗನೀಸ್ ಕಾಣುತ್ತಿಲ್ಲ ಎಂದು ಪೂರಕ ಕೊಡಿಸಿದ, ಆಟಗಾರ ಮತ್ತೆ ಅಂಗಳಕ್ಕಿಳಿದ. ಒಬ್ಬ ಆಟಗಾರನ ಕತೆ ಅದು. ಅವನಿಗೆ ಮ್ಯಾಂಗನೀಸ್ ಜೊತೆ ಬೇರೆ ಖನಿಜಗಳೂ ವಿಶ್ರಾಂತಿಯೂ ಸಿಕ್ಕಿದ್ದವು. 1994ರಲ್ಲಿ ಅದೇ ಸಾಲ್ಟ್‌ಮನ್ ತಂಡ ಮುಟ್ಟು ನಿಂತ 59 ಹೆಂಗಸರ ಮೇಲೆ ಎರಡು ವರ್ಷ ನಡೆಸಿದ ಅಧ್ಯಯನ ಪ್ರಕಟವಾಯಿತು. ಕ್ಯಾಲ್ಸಿಯಂ ಜೊತೆ ಸತು, ಮ್ಯಾಂಗನೀಸ್, ತಾಮ್ರ ಮೂರನ್ನೂ ಕೊಟ್ಟವರ ಬೆನ್ನುಮೂಳೆ ಸವೆಯುವುದು ನಿಂತಿತು. ಮೂರನ್ನೂ ಒಟ್ಟಿಗೆ ಕೊಟ್ಟಮೇಲೆ ಕೆಲಸ ಮಾಡಿದ್ದು ಯಾವುದು ಎಂದು ಹೇಳುವುದು ಹೇಗೆ? ಸಾರು ರುಚಿಯಾಗಿದ್ದರೆ ಅದು ಇಂಗಿನಿಂದಲೇ ಎಂದು ಹಟ ಹಿಡಿದಂತೆ. ಕೊಂಡಿಯ ವಿಷಯಕ್ಕೆ ಬಂದರಂತೂ ಇನ್ನೂ ಬರಿದು. ಮ್ಯಾಂಗನೀಸಿನ ಬೇರೆ ಬೇರೆ ರೂಪಗಳಲ್ಲಿ ಮನುಷ್ಯರಿಗೆ ಯಾವುದು ಹೆಚ್ಚು ದಕ್ಕುತ್ತದೆ ಎಂದು ಹೋಲಿಸಿ ನೋಡಿದ ಮಾಹಿತಿಯೇ ಇಲ್ಲ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ವೈದ್ಯರಿಗಾಗಿ ಬರೆದ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದೆ. ಡಬ್ಬಿಯ ಮೇಲಿನ ದೊಡ್ಡಕ್ಷರದ ಆಧಾರ ಇಷ್ಟು.

ನಿಜವಾದ ಕೊರತೆ ಇಲ್ಲವೇ ಇಲ್ಲ ಎನ್ನಲಾಗದು. ಮ್ಯಾಂಗನೀಸನ್ನು ಸಾಗಿಸುವ ಒಂದು ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳನ್ನು 2015ರಲ್ಲಿ ಗುರುತಿಸಿದರು. ಅವರ ರಕ್ತದಲ್ಲಿ ಮ್ಯಾಂಗನೀಸ್ ಹೆಚ್ಚುಕಡಿಮೆ ಸೊನ್ನೆ. ಅವರಿಗೆ ಕೊಟ್ಟು ಫಲ ಕಂಡದ್ದು ಸಾದಾ ಮ್ಯಾಂಗನೀಸ್ ಸಲ್ಫೇಟ್, ಕೊಂಡಿಯದಲ್ಲ. ಜಗತ್ತಿನಲ್ಲಿ ಇಂಥವರು ಕೆಲವೇ ಮಂದಿ.

ಇನ್ನು ಕೊಟ್ಟಿಗೆಯ ಚೀಲ. ನಾನು ಮಾತ್ರೆಯನ್ನು ಬೈಯುವುದು ಕೇಳಿ ದೊಡ್ಡಮ್ಮನ ಮಗ, “ಹಂಗಾದ್ರೆ ಹಸೀಗೂ ಬೇಡ್ವಾ?” ಅಂದ. ಹಸುವಿನ ಮಾತೇ ಬೇರೆ. ದಿನಕ್ಕೆ ಹನ್ನೆರಡು ಹದಿನೈದು ಲೀಟರ್ ಕರೆಯುವ ಮಿಶ್ರತಳಿ ಹಸು ಹಾಲಿನ ಜೊತೆ ಸುಣ್ಣ ರಂಜಕಗಳನ್ನು ಬಕೆಟ್ಟುಗಟ್ಟಲೆ ಹೊರಗೆ ಸುರಿಯುತ್ತದೆ. ಹಾಕುವುದು ಹೆಚ್ಚಾಗಿ ರಾಗಿಹುಲ್ಲು, ಭತ್ತದ ಹುಲ್ಲು. ಕರ್ನಾಟಕದ ಮೇವನ್ನು ಪರೀಕ್ಷಿಸಿದಾಗ ಕೊರತೆಯಾಗಿ ಎದ್ದು ಕಂಡವು ಸುಣ್ಣ, ರಂಜಕ, ತಾಮ್ರ, ಸತು. ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣಾ ಮತ್ತು ಶರೀರಕ್ರಿಯಾ ಸಂಸ್ಥೆಯವರು ಆಯಾ ಸೀಮೆಯ ಮಣ್ಣು ಮೇವು ನೋಡಿ, ಆ ಸೀಮೆಗೆ ತಕ್ಕ ಖನಿಜ ಮಿಶ್ರಣ ಮಾಡಬೇಕು ಎಂದು ಹೇಳುತ್ತಲೇ ಬಂದಿದ್ದಾರೆ. ಕೆಎಂಎಫ್‌ನ ಪಶು ಆಹಾರದ ಕಾರ್ಖಾನೆಗಳಲ್ಲಿ ಒಂದು ಗುಬ್ಬಿಯಲ್ಲೇ ಇದೆ. ಡೈರಿಗೆ ಹಾಲು ಹಾಕುವವರಿಗೆ ಮಿಶ್ರಣ ಹೊಸದಲ್ಲ. ಬಿಐಎಸ್ ಮಾನಕದ ಪ್ರಕಾರ ಇಂಥ ಮಿಶ್ರಣದಲ್ಲಿ ಮ್ಯಾಂಗನೀಸ್ ಇರಬೇಕಾದದ್ದು ನೂರಕ್ಕೆ 0.12. ಇದ್ದರೆ ಇರಲಿ ಎಂಬಷ್ಟು. ಗರ್ಭ ಕಟ್ಟುವುದು, ಹಾಲು ಕೊಡುವುದು ಮುಖ್ಯವಾಗಿ ಅವಲಂಬಿಸಿರುವುದು ಉಳಿದ ಖನಿಜಗಳನ್ನು. ಚಿಲೇಟೆಡ್ ಮಿಶ್ರಣಕ್ಕೆ ಹೆಚ್ಚು ದುಡ್ಡು ಕೊಡಬೇಕೆ ಎಂದರೆ, ತಾಮ್ರ ಸತುವಿಗೆ ಅಡ್ಡಿಯಾಗುವ ಅಂಶಗಳು ನೀರಲ್ಲೋ ಮೇವಲ್ಲೋ ಹೆಚ್ಚಿರುವ ಕಡೆ ಕೊಡಬಹುದು. ಇಲ್ಲದ ಕಡೆ ಸಾದಾ ಮಿಶ್ರಣವನ್ನು ದಿನವೂ ತಪ್ಪದೆ ಹಾಕಿದರೂ ಬೇಕಾದಷ್ಟಾಯಿತು. ತಿಂಗಳಿಗೆ ನಾಲ್ಕು ದಿನ ಚಿಲೇಟೆಡ್ ಹಾಕಿ ಉಳಿದ ದಿನ ಮರೆಯುವುದಕ್ಕಿಂತ ಅದು ಮೇಲು. ಅವನ ಚೀಲ ಗೂಟದಲ್ಲಿ ಜೇಡರ ಬಲೆ ಹಿಡಿದಿತ್ತು. ನಾನು ಅದನ್ನು ನೋಡಿದ್ದನ್ನು ಅವನೂ ನೋಡಿದ.

ಮಣ್ಣಿನ ಮಟ್ಟಿಗೂ ‘ಬೇಕೇ?’ ಎಂದು ಮೊದಲು ಕೇಳಿಯೇ ಆಮೇಲೆ ಕೊಟ್ಟ ಉದಾಹರಣೆ ನಮ್ಮಲ್ಲಿದೆ. 2009ರಲ್ಲಿ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ರಾಜ್ಯ ಸರ್ಕಾರ ಶುರು ಮಾಡಿದ ಭೂಚೇತನ ಯೋಜನೆಯಲ್ಲಿ ತುಮಕೂರು ಸೇರಿದಂತೆ ಮಳೆಯಾಶ್ರಿತ ಜಿಲ್ಲೆಗಳ ಹೊಲಗಳಿಂದ ಮಣ್ಣು ತೆಗೆದು ಪರೀಕ್ಷಿಸಿದರು. ವ್ಯಾಪಕವಾಗಿ ಕಡಿಮೆ ಕಂಡವು ಗಂಧಕ, ಸತು, ಬೋರಾನ್. ಅವನ್ನೇ ಕೊಟ್ಟರು, ರಾಗಿ ಶೇಂಗಾದ ಇಳುವರಿ ಏರಿತು. ಆ ಪಟ್ಟಿಯಲ್ಲಿ ಮ್ಯಾಂಗನೀಸ್ ಇರಲಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಅದಕ್ಕೆ ಬರವಿಲ್ಲ. ಇನ್ನು ಟೊಮೆಟೊಗೂ ವೀಳ್ಯದೆಲೆಗೂ ರೋಗ ಬಂದಾಗ ಹೊಡೆಯುವ ಮ್ಯಾಂಕೋಜೆಬ್ ಇದೆಯಲ್ಲ, ಅದರೊಳಗೂ ಕೂತಿರುವುದು ಮ್ಯಾಂಗನೀಸು ಮತ್ತು ಸತು. ಮ್ಯಾಂಗನೀಸನ್ನು ಪೊಟ್ಟಣದಲ್ಲಿ ಕೊಂಡು ಸಿಂಪಡಿಸುವವನಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಹೊಲದ ಮಣ್ಣಿಗೆ ಪರೀಕ್ಷೆಯಾಗುತ್ತದೆ, ಹಸುವಿನ ಮೇವಿಗೆ ಪರೀಕ್ಷೆಯಾಗುತ್ತದೆ. ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ ಪಕ್ಕದ ಮನೆಯವರ ಮಾತು, ಮೊಬೈಲಿನ ವಿಡಿಯೊ. ಕುಣಿಗಲ್‌ನ ಕುದುರೆಗಳಿಗೂ ನಮಗಿಂತ ಹೆಚ್ಚಿನ ಮರ್ಯಾದೆ ಸಿಕ್ಕಿದೆ. ಹೈದರ್ ಟಿಪ್ಪು ಕಾಲದಲ್ಲಿ ಸೇನೆಯ ಕುದುರೆಗಳಿಗಾಗಿ ಬೆಳೆದ ಆ ಸ್ಟಡ್ ಫಾರಂ ಆಮೇಲೆ ರೇಸಿನ ಕುದುರೆಗಳ ತವರಾಯಿತು, 1992ರಲ್ಲಿ 30 ವರ್ಷದ ಗುತ್ತಿಗೆಗೂ ಹೋಯಿತು. ರೇಸಿನ ಮರಿಯ ಕೀಲಿಗೆ ಏನು ಬೇಕು ಏನು ಬೇಡ ಎಂದು ಎಣಿಸಿ ಮೇವು ಹಾಕುವುದು ಆ ಕಸುಬಿನ ಮೊದಲ ಪಾಠ. ಲಕ್ಷಾಂತರ ರೂಪಾಯಿಯ ಕಾಲು ಅದು, ಯಾರೋ ಹೇಳಿದರು ಎಂದು ಡಬ್ಬಿ ಸುರಿಯಲಾಗದು.

ಪೇಟೆಯ ಕಡೆಯಿಂದ ಬರುವ ಒಂದು ವಾದವನ್ನು ಬಿಡುವಂತಿಲ್ಲ. ತುಮಕೂರಿನ ಬಡಾವಣೆಗಳಲ್ಲಿ ಮುದ್ದೆ ತಿನ್ನುವವರು ಎಷ್ಟು ಮಂದಿ ಉಳಿದಿದ್ದಾರೆ, ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಬೇಕರಿ, ಇವರಿಗಾದರೂ ಬೇಡವೆ ಎಂಬುದು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನೂರು ಗ್ರಾಂಗೆ 0.7 ಮಿಲಿಗ್ರಾಂ ಚಿಲ್ಲರೆ. ದಿನಕ್ಕೆ 300 ಗ್ರಾಂ ಅಕ್ಕಿ ಉಂಡವನಿಗೆ ಅಕ್ಕಿಯಿಂದಲೇ ಎರಡು ಮಿಲಿಗ್ರಾಂ ದಾಟುತ್ತದೆ. ಬೇಳೆ, ಕಾಯಿ, ಟೀ ಸೇರಿದರೆ ನಾಲ್ಕರ ಹತ್ತಿರಕ್ಕೆ ಬರುವುದು ಕಷ್ಟವಲ್ಲ. ಸಾಲದೆ ಬಿದ್ದರೂ ಕರುಳು ಬಾಗಿಲನ್ನು ತುಸು ಅಗಲ ಮಾಡಿಕೊಳ್ಳುತ್ತದೆ. 1987ರಲ್ಲಿ ಏಳು ಮಂದಿ ಗಂಡಸರಿಗೆ ಮ್ಯಾಂಗನೀಸ್ ಬೇಕೆಂದೇ ತೆಗೆದುಹಾಕಿದ ಊಟವನ್ನು 39 ದಿನ ಕೊಟ್ಟು ನೋಡಿದಾಗ ಐವರಿಗೆ ಬೆವರುಸಾಲೆಯಂಥ ಗುಳ್ಳೆ ಎದ್ದವು. ಲ್ಯಾಬಿನಲ್ಲಿ ಅಷ್ಟು ಹಟ ಹಿಡಿದು ತೆಗೆದರೂ ಕಂಡದ್ದು ಅಷ್ಟು. ಇಡ್ಲಿ ಬೇಕರಿ ಊಟದಿಂದ ಬರುವ ಕಷ್ಟಗಳು ಬೇರೆ, ದೊಡ್ಡವು. ಅವಕ್ಕೆ ಮ್ಯಾಂಗನೀಸ್ ಮದ್ದಲ್ಲ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡಲು ಶುರು ಮಾಡಿದರಲ್ಲ, ಪೇಟೆಯವರ ಕೊರತೆ ಏನೇ ಇರಲಿ ಅದಕ್ಕೆ ಆ ಲೋಟವೇ ಹೆಚ್ಚು ಹತ್ತಿರ.

ಇಷ್ಟನ್ನೂ ನಾನು ದೊಡ್ಡಮ್ಮನಿಗೆ ಹೇಳಲಿಲ್ಲ. ಮುದ್ದೆಯಲ್ಲೇ ಇದೆ ಎಂದಷ್ಟೇ ಹೇಳಿದೆ. “ಮುದ್ದೇಲಿ ಇದ್ದಿದ್ರೆ ಮಂಡಿ ಯಾಕ್ ನೋಯ್ತಿತ್ತು?” ಅಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಾತ್ರೆ ಶುರು ಮಾಡಿದ ಮೇಲೆ ಕಡಿಮೆಯಾಗಿದೆಯಾ ಎಂದು ಕೇಳಿದೆ. “ಸುಮ್ಕೆ ಕೂತ್ರೆ ಇಲ್ಲ, ಎದ್ರೆ ಐತೆ” ಎಂದು ನಕ್ಕಳು.

ಡಬ್ಬಿಯನ್ನು ಗೂಡಿಗೆ ವಾಪಸು ಇಡುವಾಗ ಅದರ ಹಿಂದೆ ಕೈಗೆ ಸಿಕ್ಕಿದ್ದು ಕೆಂಪು ಮಾತ್ರೆಯ ಪಟ್ಟಿಗಳು. ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಹೆರಿಗೆಯಾಗಿ ಮೂರು ತಿಂಗಳಾದ ಸೊಸೆಗೆ ಆಶಾ ಕಾರ್ಯಕರ್ತೆ ಮನೆಗೇ ತಂದು ಪುಕ್ಕಟೆ ಕೊಟ್ಟದ್ದು. ಒಂದು ಪಟ್ಟಿಯಲ್ಲಿ ಎರಡು ಮಾತ್ರೆ ಮಾತ್ರ ಒಡೆದಿತ್ತು, ಉಳಿದವು ಹಾಗೇ ಇದ್ದವು. ಕೇಳಿದ್ದಕ್ಕೆ, “ಹೊಟ್ಟೆ ತೊಳಿಸ್ದಂಗ್ ಆಯ್ತದೆ ಅಣ್ಣ, ಕಕ್ಕಸ್ಸೂ ಕರ್ರಗೆ ಹೋಯ್ತದೆ” ಅಂದಳು. ಹಿಮೋಗ್ಲೋಬಿನ್ ಎಷ್ಟಿತ್ತು ಎಂದರೆ ತಾಯಿ ಕಾರ್ಡು ತಂದು ಕೊಟ್ಟಳು. 8.9. ರಾತ್ರಿ ಊಟ ಆದಮೇಲೆ, ಟೀ ಕುಡಿಯದೆ, ಒಂದು ನಿಂಬೆಹಣ್ಣಿನ ನೀರಿನ ಜೊತೆ ತಗೊಂಡು ನೋಡಮ್ಮ, ಕರ್ರಗಾದರೆ ಹೆದರಬೇಡ ಎಂದು ಹೇಳಿದೆ. ಅವಳು ತಲೆಯಾಡಿಸಿ ಒಲೆಯ ಮುಂದೆ ಹೋಗಿ ಕೂತಳು. ಹಿಟ್ಟಿನ ಕೋಲು ತಿರುವುವಾಗ ಎರಡು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡಳು.